ಡೀಸೆಲ್ ಎಂಜಿನ್ನಿನೊಳಗೊಂದು ಬಾಯ್ಲರ್

ಗಾರ್ಮೆಂಟ್ ಕಾರ್ಖಾನೆ, ಆಸ್ಪತ್ರೆಯ ಲಾಂಡ್ರಿಗಳ ಬಾಯ್ಲರ್ ನೋಡಿಕೊಳ್ಳುವುದು ನನ್ನ ಕಸುಬು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ಕಾಯಿಲ್ ಬಾಯ್ಲರ್ (ಸುರುಳಿ ಕೊಳವೆಯಲ್ಲಿ ನೀರು ಹರಿಸಿ ಹಬೆ ಮಾಡುವಂಥದ್ದು) ಬಗ್ಗೆ ಹೇಳುವಾಗ ರೈಲಿನ ಕಥೆ ತೆಗೆಯುತ್ತೇನೆ. ಅಮೆರಿಕ, ಕೆನಡಾ, ಬ್ರಿಟನ್ನಿನ ಡೀಸೆಲ್ ಎಂಜಿನ್‌ಗಳು ಬೋಗಿಗಳನ್ನು ಬೆಚ್ಚಗಿಡಲು ದಶಕಗಟ್ಟಲೆ ಇಂಥದ್ದೇ ಬಾಯ್ಲರ್ ಹೊತ್ತು ಓಡಾಡಿದವು ಎಂದರೆ ಯಾರೂ ಮೊದಲು ನಂಬುವುದಿಲ್ಲ. ಉಗಿಬಂಡಿಯ ಕಾಲ ಮುಗಿದ ಮೇಲೂ ಹಬೆಯೇಕೆ?

ಬೋಗಿಗಳಿಗಾಗಿ. ಉಗಿಬಂಡಿಯ ಕಾಲದಲ್ಲಿ ಎಂಜಿನ್ನಿನ ಬಾಯ್ಲರಿನಿಂದಲೇ ಒಂದಿಷ್ಟು ಹಬೆ ಹಿಂದಕ್ಕೆ ಬಿಡುತ್ತಿದ್ದರು. ಪ್ರತಿ ಬೋಗಿಯಡಿಯಲ್ಲೂ ಪೈಪು, ಬೋಗಿಗಳ ನಡುವೆ ಹೋಸು, ಒಳಗೆ ಶಾಖ ಕೊಡುವ ಕೊಳವೆ. ಬ್ರಿಟಿಷ್ ರೈಲ್ವೆ 1955ರಲ್ಲಿ ಆಧುನೀಕರಣ ಯೋಜನೆ ಪ್ರಕಟಿಸಿದಾಗ ಇಂಥ ಬೋಗಿಗಳು ಸಾವಿರಗಟ್ಟಲೆ ಇದ್ದವು. ಇವತ್ತು ಉಗಿಬಂಡಿ ಎಳೆದ ಬೋಗಿಯನ್ನು ನಾಳೆ ಡೀಸೆಲ್ ಎಳೆಯಬೇಕು. ಹಾಗಾಗಿ ಹೊಸ ಎಂಜಿನ್ನೇ ಹಳೆಯ ಪೈಪಿಗೆ ಹೊಂದಿಕೊಳ್ಳಬೇಕಾಯಿತು. 1968ರ ಆಗಸ್ಟಿನಲ್ಲಿ ಅಲ್ಲಿ ಉಗಿಬಂಡಿಗಳ ಓಡಾಟ ನಿಂತರೂ ಬೋಗಿಯೊಳಗಿನ ಹಬೆ 80ರ ದಶಕದವರೆಗೂ ಉಳಿಯಿತು.

ಡೀಸೆಲ್ ಎಂಜಿನ್ನಿನ ಬಿಸಿಯನ್ನೇ ಬಳಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ರೇಡಿಯೇಟರಿನ ನೀರು 80-90 ಡಿಗ್ರಿ ದಾಟುವುದಿಲ್ಲ, ಅದರಿಂದ ಹಬೆ ಏಳದು. ಹೊಗೆಯಲ್ಲಿ ಬೇಕಾದಷ್ಟು ಶಾಖವಿದೆ, ಆದರೆ ಎಂಜಿನ್ ಜೋರಾಗಿ ಎಳೆಯುವಾಗ ಮಾತ್ರ. ಬೆಳಗಿನ ಜಾವ ನಿಲ್ದಾಣದಲ್ಲಿ ನಿಂತ ರೈಲಿಗೆ ಶಾಖ ಬೇಕೇ ಬೇಕು. ಆ ಹೊತ್ತಿಗೆ ಎಂಜಿನ್ ಸುಮ್ಮನೆ ಗುರುಗುಟ್ಟುತ್ತಿರುತ್ತದೆ. ಅದಕ್ಕೇ ಡೀಸೆಲ್ ಸುಡುವ ಪ್ರತ್ಯೇಕ ಬಾಯ್ಲರ್.

ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ವೇಪರ್-ಕ್ಲಾರ್ಕ್‌ಸನ್, ಬ್ರಿಟನ್ನಿನಲ್ಲಿ ಸ್ಟೋನ್-ವೇಪರ್, ಸ್ಪ್ಯಾನರ್, ಕ್ಲೇಟನ್. ವೇಪರ್-ಕ್ಲಾರ್ಕ್‌ಸನ್ ನನ್ನ ಕಾಯಿಲ್ ಬಾಯ್ಲರಿನ ಹಿರಿಯಣ್ಣನೇ ಸರಿ. ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ ಕಾಯಿಸುವ ಲೆಕ್ಕ ಇಲ್ಲಿಲ್ಲ; ಮನೆಯ ಗ್ಯಾಸ್ ಗೀಸರಿನಂತೆ ಸುರುಳಿಯ ಈ ತುದಿಯಲ್ಲಿ ತಣ್ಣೀರು, ಆ ತುದಿಯಲ್ಲಿ ಹಬೆ. ಬರ್ನರಿನ ನಾಜಲ್ ಗಾಳಿಯ ಒತ್ತಡದಿಂದ ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ, ಕಿಡಿ ಅದನ್ನು ಹೊತ್ತಿಸುತ್ತದೆ. ಇದರ ಸರ್ವೋ ನಿಯಂತ್ರಣ ನನಗೆ ಅಚ್ಚುಮೆಚ್ಚು: ಕಾಯಿಲಿಗೆ ಎಷ್ಟು ನೀರು ಹೋಗುತ್ತಿದೆ ಎಂಬುದೇ ಎಷ್ಟು ಎಣ್ಣೆ, ಎಷ್ಟು ಗಾಳಿ ಎಂಬುದನ್ನು ತೀರ್ಮಾನಿಸುತ್ತದೆ. ನೀರು ಕಡಿಮೆಯಾದರೆ ಬೆಂಕಿಯೂ ತಗ್ಗುತ್ತದೆ. ಕಾಯಿಲ್ ಸುಟ್ಟುಹೋಗದಂತೆ ಇದಕ್ಕಿಂತ ಸರಳ ಕಾವಲು ಇನ್ನೊಂದಿಲ್ಲ. ಚಿಮಣಿಯಲ್ಲಿ ಇನ್ನೊಂದು ಸ್ವಿಚ್. ಬೆಂಕಿ ಹತ್ತದಿದ್ದರೆ ಎಣ್ಣೆ ನಿಲ್ಲಿಸಿಬಿಡುತ್ತದೆ.

ಶಕ್ತಿಯೇನೂ ಸಣ್ಣದಲ್ಲ. ಗಂಟೆಗೆ 2,500 ಪೌಂಡ್, ಅಂದರೆ ಸುಮಾರು 1,130 ಕಿಲೋ ಹಬೆ ಕೊಡುವ ಮಾದರಿಯನ್ನು ತೆಗೆದುಕೊಳ್ಳಿ. ಒಂದು ಕಿಲೋ ಹಬೆ ನೀರಾಗುವಾಗ ಸುಮಾರು 2,250 ಕಿಲೋಜೂಲ್ ಶಾಖ ಬಿಡುತ್ತದೆ. ಲೆಕ್ಕ ಹಾಕಿದರೆ 700 ಕಿಲೋವ್ಯಾಟ್.

ತಾಪತ್ರಯವೆಲ್ಲ ನೀರಿನದು. ಕಾರ್ಖಾನೆಯಲ್ಲಿ ತಣಿದ ಹಬೆಯ ನೀರನ್ನು ವಾಪಸ್ ಟ್ಯಾಂಕಿಗೆ ತಂದುಕೊಳ್ಳುತ್ತೇವೆ. ರೈಲಿನಲ್ಲಿ ಅದು ಹಳಿಯ ಮೇಲೆ ತೊಟ್ಟಿಕ್ಕಿ ಹೋಗುತ್ತಿತ್ತು. ಐದು ಸಾವಿರ ಲೀಟರಿನ ಟ್ಯಾಂಕಿದ್ದರೂ ಪೂರ್ಣ ಉರಿಯಲ್ಲಿ ನಾಲ್ಕೂವರೆ ಗಂಟೆಯೊಳಗೆ ಬರಿದು. ಈ ನೀರಿಗೆ ಜಾಗ ಹುಡುಕಲು ಪಟ್ಟ ಪಾಡು ಎಂಜಿನ್‌ಗಳ ಮೈಮೇಲೇ ಕಾಣುತ್ತದೆ. ಜನರಲ್ ಮೋಟಾರ್ಸ್ ತನ್ನ ಎಫ್7 ಎಂಜಿನ್ನನ್ನು ನಾಲ್ಕು ಅಡಿ ಉದ್ದ ಮಾಡಿ ಎಫ್‌ಪಿ7 ತಂದದ್ದು ಇದಕ್ಕೇ. ಅದೇ ಕಂಪನಿಯ ಕೆಲವು ಜಿಪಿ9 ಎಂಜಿನ್‌ಗಳಲ್ಲಿ ಕೆಳಗೆ ನೀರಿಗೆ ಜಾಗ ಬಿಟ್ಟು, ಬ್ರೇಕಿನ ಗಾಳಿ ಸಿಲಿಂಡರ್‌ಗಳನ್ನು ಮಾಡಿನ ಮೇಲೆ ಮಲಗಿಸಿದರು. ರೈಲುಪ್ರಿಯರು ಅದನ್ನು ಟಾರ್ಪೆಡೊ ಟ್ಯೂಬ್ ಎನ್ನುತ್ತಾರೆ. ಬ್ರಿಟನ್ನಿನವರದು ಇನ್ನೂ ಸೊಗಸು. ಉಗಿಬಂಡಿಗಳಿಗಾಗಿ ಹಳಿಗಳ ನಡುವೆ ಕಟ್ಟಿದ್ದ ಉದ್ದನೆಯ ನೀರಿನ ತೊಟ್ಟಿಗಳಿಂದ ಓಡುತ್ತಲೇ ನೀರೆತ್ತಿಕೊಳ್ಳಲು ಡೆಲ್ಟಿಕ್‌ನಂಥ ಡೀಸೆಲ್‌ಗಳಿಗೂ ಸ್ಕೂಪ್ ಕೂರಿಸಿದರು!

ಗುಣಮಟ್ಟದ ಮಾತು ಬೇರೆ. ನನಗೆ ಒಂದೇ ಬೋರ್‌ವೆಲ್, ನೀರಿನ ಗಡಸು ತೆಗೆಯುವ ಒಂದೇ ಸಾಫ್ಟನರ್. ಆದರೂ ಹುಡುಗರು ಉಪ್ಪು ಹಾಕಲು ಮರೆತರೆ ಕಾಯಿಲಿನೊಳಗೆ ಸುಣ್ಣ ಕಟ್ಟಿ ಟ್ಯೂಬು ಕೆಂಪಗೆ ಕಾಯುತ್ತದೆ. ರೈಲಿಗೆ ಊರೂರ ನೀರು. ಅದಕ್ಕೆ ಔಷಧ ಬೆರೆಸಬೇಕು, ಬ್ಲೋಡೌನ್ ಬಿಡಬೇಕು (ಕೆಸರು ಸೇರಿದ ನೀರನ್ನು ಹೊರಹಾಕಬೇಕು), ಆಗಾಗ ಆಸಿಡ್ ಹಾಕಿ ತೊಳೆಯಬೇಕು. ಡೀಸೆಲ್ ಮೆಕ್ಯಾನಿಕ್ಕಿಗೆ ಅದು ತನ್ನ ಕೆಲಸ ಅನ್ನಿಸುವುದು ಕಷ್ಟ. ಓಡುವಾಗ ನೋಡಿಕೊಳ್ಳಲು ಚಾಲಕನ ಜೊತೆ ಇನ್ನೊಬ್ಬ ಬೇಕು. ಬಾಯ್ಲರ್ ಕೈಕೊಟ್ಟಿತು ಎಂಬ ದೂರುಗಳಲ್ಲಿ ಬಹುಪಾಲಿಗೆ ಯಂತ್ರಕ್ಕಿಂತ ಈ ಆರೈಕೆಯ ಕೊರತೆಯೇ ಕಾರಣ ಎಂಬುದು ನನ್ನ ಅಂದಾಜು.

ಉದ್ದ ರೈಲಿನಲ್ಲಿ ಹಿಂದಿನ ಬೋಗಿ ತಲುಪುವ ಹೊತ್ತಿಗೆ ಹಬೆ ಸೊರಗಿರುತ್ತಿತ್ತು. ಪೈಪಿನಲ್ಲಿ ನೀರು ನಿಂತು ಹೆಪ್ಪುಗಟ್ಟದಿರಲೆಂದು ಕೊನೆಯ ಬೋಗಿಯ ವಾಲ್ವನ್ನು ಚೂರು ತೆರೆದೇ ಇಡುತ್ತಿದ್ದರು; ಹಳೆಯ ಫೋಟೊಗಳಲ್ಲಿ ರೈಲಿನ ಬಾಲದಿಂದ ಏಳುವ ಬಿಳಿ ಹಬೆ ಅದೇ. 1977ರ ಜನವರಿಯ ಕೊರೆಯುವ ಚಳಿಯಲ್ಲಿ ಈ ಪೈಪುಗಳು ಹೆಪ್ಪುಗಟ್ಟಿ, ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆ್ಯಮ್‌ಟ್ರಾಕ್ ಷಿಕಾಗೊದಿಂದ ಹೊರಡುವ ಹಲವು ರೈಲುಗಳನ್ನು ನಿಲ್ಲಿಸಬೇಕಾಯಿತು.

ಆ ಹೊತ್ತಿಗಾಗಲೇ ಬದಲಿ ಬಂದಿತ್ತು: ಎಂಜಿನ್ನಿನಿಂದಲೇ ಬೋಗಿಗಳಿಗೆ ವಿದ್ಯುತ್. ಬ್ರಿಟನ್ನಿನ ದಕ್ಷಿಣ ವಿಭಾಗದ ಕ್ಲಾಸ್ 33 ಎಂಜಿನ್‌ಗಳಿಗೆ 1960ರಿಂದಲೇ ಬಾಯ್ಲರ್ ಇರಲಿಲ್ಲ. ಆ್ಯಮ್‌ಟ್ರಾಕ್ 1976ರಲ್ಲಿ ಹೀಗೆ ವಿದ್ಯುತ್ ಕೊಡುವ ಎಫ್40ಪಿಎಚ್ ಎಂಜಿನ್ ತಂದಿತು. ಕೆನಡಾದ ವಿಯಾ ರೈಲ್ ಮಾತ್ರ 90ರ ದಶಕದ ಆರಂಭದವರೆಗೂ ಹಬೆಯಲ್ಲೇ ನಡೆಸಿತು.

ವಿದ್ಯುತ್ ಬಂದದ್ದು ಒಳ್ಳೆಯದೇ. ದೀಪ, ಎಸಿ, ಅಡುಗೆಮನೆ ಎಲ್ಲಕ್ಕೂ ಒಂದೇ ಕೇಬಲ್. (ಸಾಂಟಾ ಫೆ ರೈಲ್ವೆಯ ಬೋಗಿಗಳಲ್ಲಿ ಹಬೆಯಿಂದಲೇ ಎಸಿಯೂ ನಡೆಯುತ್ತಿತ್ತು; ಸುಡುಬೇಸಿಗೆಯಲ್ಲೂ ಬಾಯ್ಲರ್ ಹಚ್ಚಬೇಕು.) ಆದರೆ ಬರೀ ಶಾಖದ ಲೆಕ್ಕ ನೋಡಿದರೆ ಬಾಯ್ಲರ್ ದಡ್ಡತನವಲ್ಲ. ಅದು ಎಣ್ಣೆಯ ಶಾಖದಲ್ಲಿ ಮುಕ್ಕಾಲು ಪಾಲನ್ನಾದರೂ ಹಬೆಗೆ ಕೊಡುತ್ತದೆ. ಡೀಸೆಲ್ ಜನರೇಟರ್ ವಿದ್ಯುತ್ತಾಗಿಸುವುದು ಮೂರನೇ ಒಂದು ಪಾಲಿನ ಆಸುಪಾಸು. ಪೈಪಿನ ಸೋರಿಕೆ ಆ ಲಾಭದಲ್ಲಿ ಒಂದಷ್ಟು ತಿನ್ನುತ್ತಿತ್ತು ನಿಜ. ಆದರೂ ಬಾಯ್ಲರ್ ಎಳೆಯುವ ಶಕ್ತಿಗೆ ಕೈಹಾಕುತ್ತಿರಲಿಲ್ಲ. 3,000 ಅಶ್ವಶಕ್ತಿಯ ಎಫ್40ಪಿಎಚ್, ಬೋಗಿಗಳಿಗೆ 500 ಕಿಲೋವ್ಯಾಟ್ ಕೊಡುವಾಗ ಸುಮಾರು 700 ಅಶ್ವಶಕ್ತಿ ಬಿಟ್ಟುಕೊಡಬೇಕಿತ್ತು. ಸಾಲದ್ದಕ್ಕೆ ನಿಲ್ದಾಣದಲ್ಲಿ ನಿಂತಾಗಲೂ ನಿಮಿಷಕ್ಕೆ 893 ಸುತ್ತಿನಲ್ಲಿ ಅರಚುತ್ತಲೇ ಇರಬೇಕು.

ನಮ್ಮ ರೈಲುಗಳಿಗೆ ಕಾಶ್ಮೀರ ಬಿಟ್ಟರೆ ಬೋಗಿ ಕಾಯಿಸುವ ಉಸಾಬರಿ ಹೆಚ್ಚಿಲ್ಲ, ತಣ್ಣಗಿಡುವುದೇ ಚಿಂತೆ. ಈಗ ಡಬ್ಲ್ಯುಎಪಿ-7ನಂಥ ವಿದ್ಯುತ್ ಎಂಜಿನ್‌ಗಳು ತಲೆಯ ಮೇಲಿನ ತಂತಿಯಿಂದಲೇ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಗಳಿಗೆ 750 ವೋಲ್ಟ್ ವಿದ್ಯುತ್ ಕೊಡುತ್ತವೆ. ಅದಕ್ಕೂ ಮುಂಚೆ ಆ ರೈಲುಗಳ ತುದಿಯಲ್ಲಿ ಗುಡುಗುಡು ಎನ್ನುತ್ತಿದ್ದ ಜನರೇಟರ್ ಬೋಗಿ ಇತ್ತಲ್ಲ, ಅದು ಲೆಕ್ಕಾಚಾರದಲ್ಲಿ ಹಳೆಯ ಬಾಯ್ಲರಿನ ಕಡೆಯದೇ: ಎಳೆಯುವ ಎಂಜಿನ್ನನ್ನು ಮುಟ್ಟದೆ, ಪ್ರಯಾಣಿಕರಿಗಾಗಿ ಬೇರೆಯೇ ಡೀಸೆಲ್ ಸುಡುವ ಏರ್ಪಾಡು.