ದಸರಾಕ್ಕೆ ಪೇಂಟ್ ಸರಿ, ಗೋಡೆ ಒಣಗಿದೆಯಾ?

ಪ್ರಶ್ನೆ: ದಸರಾ ಹೊತ್ತಿಗೆ ಮನೆ ಒಳಗೆ ಪೇಂಟ್ ಮಾಡಿಸಬೇಕು ಅಂತಿದ್ದೇವೆ. ಮೂರು ವರ್ಷದ ಹಿಂದೆ ಮಾಡಿಸಿದ ಬಣ್ಣ ಮಲಗುವ ಕೋಣೆಯಲ್ಲಿ ನೆಲದಿಂದ ಎರಡು ಅಡಿವರೆಗೆ ಹಕ್ಕಳೆ ಎದ್ದಿದೆ. ಆ ಗೋಡೆಯ ಆಚೆ ಬಾತ್‌ರೂಮ್ ಇದೆ. ಕೆರೆದು ಪುಟ್ಟಿ ಹಾಕಿದರೆ ಸಾಕು ಅಂತಾರೆ ಪೇಂಟರ್. ಕೆಲಸ ಶುರುವಾಗುವ ಮುಂಚೆ ನಾವು ಏನೇನು ಮಾಡಿಕೊಳ್ಳಬೇಕು?

ಉತ್ತರ: ಮೊದಲು ಆ ಹಕ್ಕಳೆ ಎದ್ದ ಗೋಡೆ ನೋಡೋಣ. ಬರೀ ಪುಟ್ಟಿ ಹಾಕಿದರೆ ಸಾಲದು. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಬಾತ್‌ರೂಮ್ ಪಕ್ಕದ ಗೋಡೆಗೆ ಎರಡು ಕೋಟು ಪುಟ್ಟಿ ಹಾಕಿಸಿ, ಅದರ ಮೇಲೆ ಒಳ್ಳೆಯ ಎಮಲ್ಷನ್ ಹೊಡೆಸಿದೆವು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಪುಟ್ಟಿ ಸಮೇತ ಉದುರಿತು. ದುಡ್ಡು ಹೋಯಿತು, ಮತ್ತೆ ಮಂಚ, ಬೀರು ಎಳೆದಾಡುವ ಕಷ್ಟ ಬೇರೆ.

ಗೋಡೆಯೊಳಗಿನ ನೀರು ಹೊರಗೆ ಬರುವಾಗ ಇಟ್ಟಿಗೆ, ಸಿಮೆಂಟಿನಲ್ಲಿರುವ ಉಪ್ಪನ್ನೂ ಕರಗಿಸಿಕೊಂಡು ಬರುತ್ತದೆ. ನೀರು ಆರುತ್ತದೆ, ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟಿ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಮುಟ್ಟಿದರೆ ಕೈಗೆ ಅಂಟುವ ಬಿಳಿ ಹಿಟ್ಟು ಅದೇ.

ಒಂದು ಸುಲಭದ ಪರೀಕ್ಷೆ ಇದೆ. ಎದ್ದ ಬಣ್ಣ ಕೆರೆದು, ಒಂದೂವರೆ ಅಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಒಂದು ಪೂರ್ತಿ ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಬಹಳಷ್ಟು ಸರಿಹೋಗುತ್ತದೆ.

ಗೋಡೆಯಿಂದಲೇ ಬರುತ್ತಿದ್ದರೆ ಪೇಂಟರ್‌ಗಿಂತ ಮುಂಚೆ ಪ್ಲಂಬರ್‌ನ ಕರೆಸಿ. ಟೈಲ್ಸ್ ನಡುವಿನ ಸಂದು ಬಿಟ್ಟಿದೆಯಾ, ಪೈಪಿನ ಜಾಯಿಂಟ್ ಸೋರುತ್ತಿದೆಯಾ ನೋಡಿಸಿ. ರಿಪೇರಿ ಆದ ಮೇಲೂ ಗೋಡೆ ಆರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಮೇಲೆ ಬರುವ ಉಪ್ಪನ್ನು ಒಣ ಬ್ರಶ್‌ನಿಂದ ಉಜ್ಜಿ ತೆಗೆಯುತ್ತಿರಿ. ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಮಳೆಗಾಲ ಮುಗಿಯುತ್ತಿದ್ದಂತೆ ದಸರಾ ಬರುತ್ತದೆ. ಬೆಂಗಳೂರು, ಮೈಸೂರಿನ ಕಡೆ ಅಕ್ಟೋಬರ್‌ನಲ್ಲೂ ಹಿಂಗಾರು ಮಳೆ ಬೀಳುತ್ತದೆ. ಹಬ್ಬಕ್ಕೆ ಮನೆ ಹೊಸದಾಗಿ ಕಾಣಬೇಕು ಅನ್ನುವ ಆಸೆ ನನಗೂ ಗೊತ್ತು. ಆದರೆ ನನ್ನ ಸಲಹೆ ಇಷ್ಟು: ಒಣಗಿರುವ ಕೋಣೆಗಳನ್ನು ಈಗ ಮಾಡಿಸಿ, ಈ ಒಂದು ಗೋಡೆಯನ್ನು ಸಂಕ್ರಾಂತಿ ಕಳೆದ ಮೇಲೆ ಮಾಡಿಸಿ. ಉಳಿದ ಬಣ್ಣದ ಡಬ್ಬ ಎತ್ತಿಟ್ಟುಕೊಳ್ಳಿ, ಶೇಡ್ ನಂಬರ್ ಬರೆದಿಟ್ಟುಕೊಳ್ಳಿ.

ಉಳಿದ ಗೋಡೆಗಳಿಗೆ ಅಂಗೈ ಉಜ್ಜಿ ನೋಡಿ. ಪುಡಿ ಅಂಟಿದರೆ ಕೆಳಗೆ ಹಳೇ ಸುಣ್ಣವೋ ಡಿಸ್ಟೆಂಪರ್ರೋ ಇರುತ್ತದೆ. ಅದನ್ನು ಕೆರೆದು ತೊಳೆಯದೆ ಎಮಲ್ಷನ್ ಹೊಡೆದರೆ ಬಣ್ಣ ಕೂರುವುದು ಪುಡಿಯ ಮೇಲೆ, ಗೋಡೆಯ ಮೇಲಲ್ಲ. ಅಡುಗೆಮನೆಯಲ್ಲಿ ಒಗ್ಗರಣೆಯ ಜಿಡ್ಡು, ದೇವರ ಮನೆಯಲ್ಲಿ ದೀಪದ ಮಸಿ ಜಾಸ್ತಿ. ಎರಡನ್ನೂ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಎಣ್ಣೆ ಕಲೆ ಆಗಲೂ ಹೋಗದಿದ್ದರೆ ಆ ಜಾಗಕ್ಕೆ ಆಯಿಲ್ ಪ್ರೈಮರ್ (ಬಣ್ಣಕ್ಕೂ ಮುಂಚೆ ಹೊಡೆಯುವ ಎಣ್ಣೆ ಆಧಾರಿತ ತಳದ ಕೋಟು) ಹೊಡೆಸಿ, ಇಲ್ಲದಿದ್ದರೆ ಕಲೆ ಹೊಸ ಬಣ್ಣದಲ್ಲೂ ಮೂಡುತ್ತದೆ. ಮೂಲೆಯ ಬೂಷ್ಟಿಗೆ ಬ್ಲೀಚಿಂಗ್ ಪೌಡರ್ ನೀರು ಸಾಕು. ಅದನ್ನು ಮಾತ್ರ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಮನೆ ಹಳೆಯದಾದರೆ ಬಾಗಿಲು, ಕಿಟಕಿಯ ಬಗ್ಗೆ ದಯವಿಟ್ಟು ಎಚ್ಚರ ವಹಿಸಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಆಯಿಲ್ ಪೇಂಟ್ ಕೆಳಗಿದ್ದರೆ ಒಣಗಿದ್ದಂತೆ ಉಜ್ಜಿಸಬೇಡಿ, ಸೀಸ ಬೆರೆತ ವಿಷದ ಧೂಳು ಏಳಬಹುದು. ಒದ್ದೆ ಮಾಡಿ ಉಜ್ಜಿಸಿ. ಮಕ್ಕಳು, ಬಸುರಿಯರು ಆ ಕೋಣೆಗೆ ಬರುವುದೇ ಬೇಡ.

ಸಾಮಾನಿನ ವಿಷಯ ಸಲೀಸು. ಎಲ್ಲವನ್ನೂ ಕೋಣೆಯ ನಡುವೆ ತಂದು ಮುಚ್ಚಿ, ಏಣಿ ಇಡಲು ಗೋಡೆಯ ಸುತ್ತ ಮೂರಡಿ ಬಿಡಿ. ಬರೀ ಪ್ಲಾಸ್ಟಿಕ್ ಹಾಸಿದರೆ ಕಾಲು ಜಾರುತ್ತದೆ, ನೆಲಕ್ಕೆ ಹಳೇ ಬೆಡ್‌ಶೀಟ್ ಒಳ್ಳೆಯದು. ಸ್ವಿಚ್ ಬೋರ್ಡ್ ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿ. ಒಂದು ಮಲಗುವ ಕೋಣೆಯನ್ನು ಮೊದಲು ಪೂರ್ತಿ ಮುಗಿಸಿಕೊಳ್ಳಿ, ರಾತ್ರಿ ಮಲಗಲು ಜಾಗ ಬೇಕು ಅಲ್ವಾ?

ಇನ್ನೊಂದು ಕೆಲಸ ನೀವೇ ಮಾಡಿ. ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ಒತ್ತಿದಂತೆ ಹಿಡಿದು ಅಡ್ಡಡ್ಡ ಬೆಳಕು ಬಿಡಿ. ಹಗಲು ಕಾಣದ ತಗ್ಗು, ಗೀರು, ಮೊಳೆ ತೂತು ಎಲ್ಲ ಎದ್ದು ಕಾಣುತ್ತವೆ. ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪೆನ್ನಿನ ಶಾಯಿ ಬಣ್ಣದ ಮೇಲೂ ಕಾಣಬಹುದು. ಪುಟ್ಟಿ ಉಜ್ಜಿ ಪ್ರೈಮರ್ ಹೊಡೆದ ದಿನ ಸಂಜೆ ಮತ್ತೊಮ್ಮೆ ಹೀಗೇ ನೋಡಿ. ಆಗ ಕಂಡ ತಗ್ಗಿಗೆ ಮತ್ತೆ ಪುಟ್ಟಿ, ಅದರ ಮೇಲೆ ಮತ್ತೆ ಪ್ರೈಮರ್ ಹಾಕಿಕೊಡಬೇಕು ಅಂತ ರೇಟು ಮಾತಾಡುವಾಗಲೇ ಪೇಂಟರ್‌ಗೆ ಹೇಳಿಬಿಡಿ.