ತೂತಿನ ಜಾತಕ

ಕಟ್ಟಡದ ಕೆಲಸದಲ್ಲಿ ಯಾರಾದರೂ ಮೇಲಿಂದ ಬಿದ್ದರೆ ಎರಡು ಮಾತು ಕೇಳಿಸುತ್ತವೆ. ‘ಅವನ ಗ್ರಹಚಾರ’ ಅಂತ ಒಂದು, ‘ನೋಡ್ಕೊಂಡು ನಡೀಬೇಕಿತ್ತು’ ಅಂತ ಇನ್ನೊಂದು. ಎರಡು ಕೇಳಿದರೂ ನನಗೆ ಮೈ ಉರಿಯುತ್ತದೆ. 3 ಮೀಟರ್ ಎತ್ತರದಿಂದ ನೆಲ ಮುಟ್ಟಲು 0.8 ಸೆಕೆಂಡ್ ಸಾಕು. ಆಗ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಇದಕ್ಕೆ ಶನಿ, ರಾಹು ಯಾಕೆ? ಭೂಮಿಯ ಸೆಳೆತ ಒಂದೇ ಸಾಕಲ್ವಾ?

ಕಟ್ಟಡ ದಿನಾ ಬದಲಾಗುತ್ತದೆ, ತೊಂದರೆ ಇರುವುದು ಅಲ್ಲಿ. ನಿನ್ನೆ ಹಲಗೆ ಇದ್ದಲ್ಲಿ ಇವತ್ತು ಪೈಪಿಗೆಂದು ಬಿಟ್ಟ ತೂತು. ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊತ್ತ ಹಲಗೆ-ಆಸರೆ, ಬಿಚ್ಚಿದ ದಿನ ಅದು ಹುಟ್ಟುತ್ತದೆ. ಪೈಪ್ ಕೂರಿಸಿ ಸುತ್ತ ಕಾಂಕ್ರೀಟ್ ತುಂಬಿದ ದಿನ ಸಾಯುತ್ತದೆ. ನಕ್ಷೆಯಲ್ಲಿರುವುದು ಮುಗಿದ ಕಟ್ಟಡ. ಕೆಲಸಗಾರ ಓಡಾಡುವುದು ಮುಗಿಯದ ಕಟ್ಟಡದಲ್ಲಿ.

ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಎನ್ನುವ, ಕಟ್ಟಡದ ಡಿಜಿಟಲ್ ಮಾದರಿಯಲ್ಲಿ ಗೋಡೆ ಬರೀ ಗೆರೆಯಲ್ಲ. ಅದರ ದಪ್ಪ, ಸಾಮಗ್ರಿ, ಪಕ್ಕದಲ್ಲಿ ಏನಿದೆ, ಎಲ್ಲವೂ ಅದರೊಳಗಿರುತ್ತದೆ. ಅಮೆರಿಕದ ಪ್ರಾಧ್ಯಾಪಕ ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲೇ ಈ ದಾರಿ ತೋರಿಸಿದ್ದರು. ಇದಕ್ಕೆ ಕೆಲಸದ ವೇಳಾಪಟ್ಟಿ ಜೋಡಿಸಿದರೆ 4ಡಿ: ಉದ್ದ, ಅಗಲ, ಎತ್ತರದ ಜೊತೆಗೆ ಕಾಲ. ನಕ್ಷೆ ಫೋಟೊ ಆದರೆ ಇದು ಸಿನಿಮಾ. ಅಲ್ಲ, ಬೇಕಾದ ದಿನಕ್ಕೆ ತಿರುಗಿಸಬಹುದಾದ ಕ್ಯಾಲೆಂಡರ್. ಜಾತಕ ಬೇಕೇ ಬೇಕು ಅನ್ನುವವರಿಗೆ, ತೂತಿನ ಜಾತಕ! ಹುಟ್ಟು, ಸಾವು, ನಡುವೆ ಯಾವ ದಿನ ಯಾರಿಗೆ ಕಂಟಕ, ಎಲ್ಲ ಇದೆ. ಕೆಲಸ ತಡವಾದರೆ ತಿದ್ದಬೇಕು, ಅಷ್ಟೇ.

ಈ ಮಾದರಿ ಇಟ್ಟುಕೊಂಡು ಕೊಡುವ ತರಬೇತಿಯಲ್ಲಿ ಕೆಲಸಗಾರ ಮುಂದಿನ ಮಂಗಳವಾರದ ಐದನೇ ಮಹಡಿಗೆ ಇವತ್ತೇ ಹೋಗಿ ಬರುತ್ತಾನೆ. ಬೀಳದಂತೆ ತಡೆಯುವ ಕಂಬಿ ಎಲ್ಲಿ ಕಟ್ಟಬೇಕು, ಸೇಫ್ಟಿ ಬೆಲ್ಟಿನ ಕೊಕ್ಕೆ ಎಲ್ಲಿ ಹಾಕಬೇಕು, ಅವನೇ ಹೇಳಬೇಕು. ತಪ್ಪಿದರೆ ಪರದೆಯಲ್ಲಿ ಬೀಳುತ್ತಾನೆ, ಎದ್ದು ಮತ್ತೆ ಶುರು ಮಾಡುತ್ತಾನೆ.

ಇದು ಹೊಸದೇನಲ್ಲ. ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ, ಅಪ್ಪನ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ, ನೆಲ ಬಿಡದೆ ವಿಮಾನ ಹಾರಿಸಲು ಕಲಿಸುವ ಯಂತ್ರ ಮಾಡಿದ. ಮೊದಲು ಅದನ್ನು ಕೊಂಡವರು ಹೆಚ್ಚಾಗಿ ಮನರಂಜನಾ ಪಾರ್ಕುಗಳವರು. 1934ರಲ್ಲಿ ಅಂಚೆ ಸಾಗಿಸಲು ಹೋಗಿ ಪೈಲಟ್‌ಗಳು ಸತ್ತ ಮೇಲಷ್ಟೇ ಅಮೆರಿಕದ ಸೇನೆ ಕೊಂಡಿತು.

ಗಾಳಿಯ ಹೊಡೆತ, ಹೆಗಲ ಮೇಲಿನ ಮೂಟೆಯ ಭಾರ ಮಾದರಿಯಲ್ಲಿ ಸಿಗುವುದಿಲ್ಲ. ಇನ್ನೊಂದು ಕೊರತೆಯೂ ಇದೆ. ಮಾದರಿಯಲ್ಲಿ ತೂತಿನ ಮೇಲೆ ಪ್ಲೈವುಡ್ ಭದ್ರವಾಗಿ ಕೂತಿರುತ್ತದೆ. ಕೆಳಗಿನಿಂದ ಸಾಮಾನು ಎಳೆದುಕೊಳ್ಳಲು ಅದನ್ನು ಹತ್ತು ನಿಮಿಷ ಸರಿಸುತ್ತೇವೆ ಅನ್ನುವುದು ಕಬ್ಬಿಣ ಬಗ್ಗಿಸಿ ಕಟ್ಟುವ ಬಾರ್ ಬೆಂಡರ್‌ಗಷ್ಟೇ ಗೊತ್ತು. ಮಾದರಿ ಮಾಡುವಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡರೆ, ಆ ಹತ್ತು ನಿಮಿಷವೂ ಜಾತಕಕ್ಕೆ ಸೇರುತ್ತದೆ.