ತೀರ್ಪುಗಾರರ ಬೆರಳು ಹುಡುಕುವ ಹೆಗಲು

ಮಂಗಳೂರಿನ ಮೈದಾನವೊಂದರಲ್ಲಿ ಶ್ವಾನ ಪ್ರದರ್ಶನ ನಡೆಯುತ್ತಿದ್ದಾಗ, ರಿಂಗಿನ ಹಗ್ಗದ ಹೊರಗೆ ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು ಒಂದು ಕಪ್ಪು ಲ್ಯಾಬ್ರಡಾರ್‌ನ ಹಿಂಗಾಲುಗಳನ್ನೇ ಬಗ್ಗಿ ಬಗ್ಗಿ ನೋಡುತ್ತಿದ್ದರು. "ಇಪ್ಪತ್ತು ಉಗುರು ಉಂಟು ಮಾರ್ರೆ, ಮನೆಗೆ ಒಳ್ಳೆಯದು. ಪ್ರೈಜ್ ಇದಕ್ಕೇ, ಬೇಕಾದರೆ ನೋಡಿ," ಎಂದರು. ಅದೇ ಹೊತ್ತಿಗೆ ತೀರ್ಪುಗಾರರು ಹಿಂಗಾಲಿನ ಕಡೆಗೆ ತಿರುಗಿಯೂ ನೋಡದೆ, ಕತ್ತು ಬೆನ್ನಿಗೆ ಕೂಡುವ ಜಾಗದಲ್ಲಿ ರೋಮದೊಳಗೆ ಬೆರಳಿಳಿಸಿ ಏನನ್ನೋ ತಡಕುತ್ತಿದ್ದರು. ನಾಯಿಗೆ ಸಹಜವಾಗಿ ಇರುವುದು 18 ಉಗುರು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಭ್ರೂಣದಲ್ಲಿ ಕಾಲು ಮೂಡುವಾಗ ಬೆರಳುಗಳ ಎಣಿಕೆಯನ್ನು ನಿರ್ದೇಶಿಸುವ ಡಿಎನ್‌ಎ ತುಣುಕಿನಲ್ಲಿ ಸಣ್ಣದೊಂದು ವ್ಯತ್ಯಾಸವಾದರೆ ಹಿಂಗಾಲಿಗೂ ಒಂದೊಂದು ಹೆಚ್ಚಿನ ಬೆರಳು ಬರುತ್ತದೆ. ಅದಕ್ಕೂ ಮನೆಯ ಐಶ್ವರ್ಯಕ್ಕೂ ಸಂಬಂಧವಿಲ್ಲ, ನಾಯಿಯ ಚುರುಕಿಗೂ ಇಲ್ಲ. ಆ ಹಿರಿಯರಿಗೆ ಇದನ್ನು ಹೇಳಿದೆ, ಅವರು ನಂಬಲಿಲ್ಲ.

ತೀರ್ಪುಗಾರರ ಬೆರಳು ತಡಕುತ್ತಿದ್ದುದು ಹೆಗಲೆಲುಬಿನ ಮೇಲ್ತುದಿಯನ್ನು. ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್, ಪಾಯಿಂಟರ್, ಸೆಟರ್ ಮುಂತಾದವುಗಳನ್ನು ಒಟ್ಟಾಗಿ ಗನ್‌ಡಾಗ್ ಎನ್ನುತ್ತಾರೆ. ಅಂದರೆ ಕೋವಿ ಹಿಡಿದವನ ಜೊತೆ ಹೋಗಿ ಹಕ್ಕಿಯ ಸುಳಿವು ಹಿಡಿಯುವುದಕ್ಕೆ, ಪೊದೆಯಿಂದ ಎಬ್ಬಿಸುವುದಕ್ಕೆ, ಬಿದ್ದ ಹಕ್ಕಿಯನ್ನು ಹಲ್ಲು ಊರದೆ ಕಚ್ಚಿ ತರುವುದಕ್ಕೆ ರೂಪಿಸಿದ ತಳಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮಲ್ಲಿ ಅವಕ್ಕೆ ಆ ಕೆಲಸವಿಲ್ಲ. ಕರಾವಳಿಯ ಲ್ಯಾಬ್ರಡಾರ್ ಹೆಚ್ಚೆಂದರೆ ಅಂಗಳಕ್ಕೆ ಬಿದ್ದ ತೆಂಗಿನಕಾಯಿಯನ್ನು ಹೊತ್ತು ತರುತ್ತದೆ. ಆದರೂ ರಿಂಗಿನಲ್ಲಿ ಅದನ್ನು ಅಳೆಯುವುದು ಆ ಮಾಡದ ಕೆಲಸದ ಮಾನದಂಡದಿಂದಲೇ. ಇದನ್ನು ಸೌಂದರ್ಯ ಸ್ಪರ್ಧೆ ಎಂದು ಪತ್ರಿಕೆಗಳು ಬರೆದಾಗಲೆಲ್ಲ ನನಗೆ ಅಸಹನೆಯಾಗುತ್ತದೆ.

ಇತಿಹಾಸವೂ ಇದನ್ನೇ ಹೇಳುತ್ತದೆ. ಇಂದಿನ ಅರ್ಥದ ಮೊದಲ ಶ್ವಾನ ಪ್ರದರ್ಶನವೆಂದು ಗುರುತಿಸುವ, 1859ರ ಜೂನ್‌ನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದ ಸ್ಪರ್ಧೆಗೆ ಪಾಯಿಂಟರ್ ಮತ್ತು ಸೆಟರ್‌ಗಳಿಗಷ್ಟೇ ಪ್ರವೇಶವಿತ್ತು. ಬಹುಮಾನ ಕೋವಿ. ಪಾಯಿಂಟರ್‌ಗಳಿಗೆ ತೀರ್ಪು ಕೊಟ್ಟವರ ನಾಯಿ ಸೆಟರ್ ವಿಭಾಗದಲ್ಲಿ ಗೆದ್ದಿತು, ಸೆಟರ್‌ಗಳಿಗೆ ತೀರ್ಪು ಕೊಟ್ಟವರ ನಾಯಿ ಪಾಯಿಂಟರ್ ವಿಭಾಗದಲ್ಲಿ ಗೆದ್ದಿತು. ತೀರ್ಪಿನ ಬಗ್ಗೆ ಗೊಣಗಾಟವೂ ಅಷ್ಟೇ ಹಳೆಯದಿರಬೇಕು.

ಇನ್ನು ಹೆಗಲಿನ ವಿಚಾರ. ನಮ್ಮ ತೋಳನ್ನು ಮುಂಡದ ಅಸ್ಥಿಪಂಜರಕ್ಕೆ ಕೂಡಿಸಲು ಕತ್ತಿನ ಬುಡದಲ್ಲಿ ಅಡ್ಡಲಾಗಿ ಒಂದು ಕೊರಳೆಲುಬು ಇದೆ. ನಾಯಿಗೆ ಅದು ಹೆಸರಿಗೆ ಮಾತ್ರ. ಮುಂಗಾಲಿನ ಎಲುಬು ದೇಹದ ಎಲುಬನ್ನು ಎಲ್ಲಿಯೂ ಮುಟ್ಟುವುದಿಲ್ಲ. ಎರಡು ಹೆಗಲೆಲುಬುಗಳ ನಡುವೆ ಎದೆಗೂಡು ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ, ಜಂತಿಗೆ ಕಟ್ಟಿದ ಸೀರೆಯ ತೊಟ್ಟಿಲಿನಲ್ಲಿ ಮಗು ತೂಗುವಂತೆ. ದೇಹಭಾರದ ಸುಮಾರು 60 ಶೇಕಡಾವನ್ನು ಹೊರುವ ಮುಂಗಾಲು ನೆಲಕ್ಕೆ ಬಡಿದಾಗಲೆಲ್ಲ ಆ ಪೆಟ್ಟನ್ನು ನುಂಗಿಕೊಳ್ಳುವುದು ಈ ಜೋಲಿ. ಘಾಟಿಯ ಹೊಂಡಗಳಲ್ಲಿ ಬಸ್ಸಿನ ಪಟ್ಟಿ ಸ್ಪ್ರಿಂಗು ಮಾಡುವುದೂ ಇದನ್ನೇ. ಯಕ್ಷಗಾನದ ತೆಂಕುತಿಟ್ಟಿನ ಪುಂಡುವೇಷಧಾರಿ ಗಿರ್ರನೆ ಸುತ್ತಿ ಹಾರುವ ಧೀಂಗಿಣ ಹೊಡೆದು ಇಳಿಯುವಾಗ ಮೊಣಕಾಲನ್ನು ಸಡಿಲ ಬಿಡುವುದೂ ಇದಕ್ಕೇ. ಸೆಟೆದು ಇಳಿದರೆ ಎರಡು ಪ್ರಸಂಗಕ್ಕೆ ಕಾಲು ಮುಗಿಯಿತು. ಹೆಗಲೆಲುಬು ನೆಟ್ಟಗೆ ನಿಂತ ನಾಯಿಯ ಮುಂಗಾಲು ಕಂಬದಂತೆ ನೆಲ ಕುಟ್ಟುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ; ಹಿಂದಕ್ಕೆ ಒರಗಿದ್ದರೆ ಕಾಲು ಮುಂದಕ್ಕೆ ಚಾಚಲು ಅವಕಾಶ ಸಿಗುತ್ತದೆ. ದಿನವಿಡೀ ಗದ್ದೆ, ಜವುಗು ಸುತ್ತಬೇಕಾದ ಪ್ರಾಣಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಆದರೆ ಇಲ್ಲಿಯೂ ಒಂದು ಮೂಢನಂಬಿಕೆ ಇದೆ, ಅದೂ ಬಲ್ಲವರ ನಡುವೆ. ಒಳ್ಳೆಯ ಹೆಗಲು 45 ಡಿಗ್ರಿ ಒರಗಿರಬೇಕು ಎಂಬ ಮಾತು ಶ್ವಾನಪ್ರಿಯರಲ್ಲಿ ತಲೆಮಾರುಗಳಿಂದ ಮಂತ್ರದಂತೆ ನಡೆದು ಬಂದಿದೆ. ನಡೆಯುತ್ತಿರುವ ನಾಯಿಯ ಎಲುಬುಗಳನ್ನು ಎಕ್ಸ್‌ರೇ ಚಲನಚಿತ್ರದಲ್ಲಿ ಸೆರೆಹಿಡಿದು ನೋಡಿದ ಅಮೆರಿಕದ ರೇಚಲ್ ಪೇಜ್ ಎಲಿಯಟ್ ಅವರಿಗೆ ಅಷ್ಟು ಒರಗಿದ ಹೆಗಲು ಚೆನ್ನಾಗಿ ನಡೆಯುವ ನಾಯಿಗಳಲ್ಲಿಯೂ ಕಾಣಲಿಲ್ಲ. ಮುಂದೆ ಜರ್ಮನಿಯ ಯೇನಾದಲ್ಲಿ ಮಾರ್ಟಿನ್ ಫಿಶರ್ ಅವರ ತಂಡ 32 ತಳಿಗಳ 300ಕ್ಕೂ ಹೆಚ್ಚು ನಾಯಿಗಳನ್ನು ಓಡಿಸಿ ಅಳೆದಾಗ, ಮುಂಗಾಲಿನ ಹೆಜ್ಜೆಯ ಉದ್ದದಲ್ಲಿ ದೊಡ್ಡ ಪಾಲು ಹೆಗಲೆಲುಬು ತಿರುಗುವುದರಿಂದಲೇ ಬರುತ್ತದೆ ಎಂದು ತಿಳಿಯಿತು. ನಿಂತ ನಾಯಿಯಲ್ಲಿ ಕೋನ ಅಳೆಯುವುದು ಬಾಗಿಲು ತೆರೆಯದೆಯೇ ತಿರುಗಣಿಯ ಗುಣ ಹೇಳಿದಂತೆ. ಆದ್ದರಿಂದಲೇ ತೀರ್ಪುಗಾರರು ಮುಟ್ಟಿ ನೋಡಿದ ಮೇಲೆ ನಾಯಿಯನ್ನು ಓಡಿಸಿ ನೋಡುತ್ತಾರೆ. ಎದುರಿನಿಂದ ಬರುವ ನಾಯಿಯ ವೇಗ ಹೆಚ್ಚಿದಂತೆ ಕಾಲುಗಳು ಒಳಮುಖವಾಗಿ ನಡುಗೆರೆಗೆ ಹತ್ತಿರವಾಗುತ್ತವೆ. ನನ್ನ ಹಿಂದೆ ಯಾರೋ ಇದನ್ನು ಸೊಟ್ಟಗಾಲು ಎಂದರು. ಕಿರಿದಾದ ಗದ್ದೆಯ ಹುಣಿಯ ಮೇಲೆ ಓಡುವವರು ಕಾಲು ಅಗಲಿಸಿ ಓಡುತ್ತಾರೆಯೇ? ದೇಹ ಎಡಬಲಕ್ಕೆ ತೊನೆಯದಿರಲು ಅದೇ ದಾರಿ.

ಕೈ ಹೆಗಲಿನಿಂದ ಪಕ್ಕೆಲುಬಿಗೆ ಇಳಿಯುತ್ತದೆ, ಮತ್ತು ನಮ್ಮ ಊರಿನ ಲ್ಯಾಬ್ರಡಾರ್‌ಗಳಲ್ಲಿ ಅಲ್ಲಿ ಪಕ್ಕೆಲುಬು ಸುಲಭವಾಗಿ ಸಿಗುವುದಿಲ್ಲ. ಮಾಲೀಕರ ಪ್ರೀತಿಯಷ್ಟೇ ಕಾರಣವಲ್ಲ. ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದಂತೆ, ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ವಂಶವಾಹಿಯ 14 ಅಕ್ಷರಗಳು ಉದುರಿಹೋಗಿವೆ; ಹೊಟ್ಟೆ ತುಂಬಿತೆಂಬ ಸಂಕೇತ ಅವುಗಳ ಮಿದುಳಿಗೆ ಸರಿಯಾಗಿ ತಲುಪುವುದಿಲ್ಲ. ರಿಂಗಿನಲ್ಲಿ ನಾಯಿಯನ್ನು ನಡೆಸುವ ಹ್ಯಾಂಡ್ಲರ್‌ನ ಜೇಬಿನಲ್ಲಿರುವ ಬೇಯಿಸಿದ ಲಿವರ್ ತುಂಡಿಗೆ ಈ ನಾಯಿಗಳು ಅಷ್ಟು ವಿಧೇಯವಾಗಿರುವುದರ ಹಿಂದೆಯೂ ಇದರ ಪಾಲಿರಬಹುದು.

ಮಧ್ಯಾಹ್ನ ಎಳೆಯ ಹ್ಯಾಂಡ್ಲರ್‌ಗಳ ಸರದಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾದ ಈ ವಿಭಾಗದಲ್ಲಿ ನಾಯಿಯ ಹೆಗಲನ್ನು ಯಾರೂ ಲೆಕ್ಕಿಸುವುದಿಲ್ಲ, ತೀರ್ಪು ಮಗುವಿಗೆ. ತೀರ್ಪುಗಾರರಿಗೂ ನಾಯಿಗೂ ನಡುವೆ ಮಗು ಎಂದೂ ಅಡ್ಡ ಬರಬಾರದು ಎಂಬುದು ಮೊದಲ ನಿಯಮ. ಹನ್ನೆರಡರ ಆಸುಪಾಸಿನ ಹುಡುಗಿಯೊಬ್ಬಳು ಕಾಕರ್ ಸ್ಪೇನಿಯಲ್‌ನ ಮುಂದೆ ಮಂಡಿಯೂರಿದ್ದಳು. ತೀರ್ಪುಗಾರರು ಸುಮ್ಮನೆ ನಾಯಿಯ ಆಚೆ ಬದಿಗೆ ನಡೆದು ಹೋದರು, ಅವಳು ತೆಳ್ಳನೆಯ ಹಗ್ಗವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ಈಚೆ ಬದಿಗೆ ಸರಿದಳು. ನಾಯಿಯ ಒಂದು ಕಿವಿಯೂ ಅಲುಗಲಿಲ್ಲ.

ಅವಳ ಪಕ್ಕದಲ್ಲಿದ್ದ ಹುಡುಗನ ಲ್ಯಾಬ್ರಡಾರ್ ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. "ನಾಯಿಗೆ ಹೆದರಿಕೆ ಗೊತ್ತಾಗುತ್ತದೆ," ಎಂದರು ಉಗುರು ಎಣಿಸಿದ ಹಿರಿಯರು, ಮತ್ತು ಈ ಸಲ ಅವರ ಮಾತನ್ನು ಒಪ್ಪಬೇಕಾಯಿತು. ಬೆಲ್‌ಫಾಸ್ಟ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 36 ಮಂದಿಯ ಬೆವರು ಮತ್ತು ಉಸಿರಿನ ಮಾದರಿಗಳನ್ನು ಅವರು ಶಾಂತವಾಗಿದ್ದಾಗ ಒಮ್ಮೆ, ಅವಸರದಲ್ಲಿ ಕಠಿಣ ಲೆಕ್ಕ ಮಾಡಿಸಿದ ಮೇಲೆ ಇನ್ನೊಮ್ಮೆ ತೆಗೆದುಕೊಂಡರು. ತರಬೇತಿ ಪಡೆದ ನಾಲ್ಕು ನಾಯಿಗಳು ಒತ್ತಡದ ವಾಸನೆಯನ್ನು ನೂರಕ್ಕೆ ಸುಮಾರು 94 ಸಲ ಸರಿಯಾಗಿ ಗುರುತಿಸಿದವು. ಇದರಲ್ಲಿ ಆರನೇ ಇಂದ್ರಿಯವೇನೂ ಇಲ್ಲ, ಮೂಗು ಸಾಕು. ಅದರ ಜೊತೆಗೆ ಹುಡುಗ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದಿದ್ದ, ಆ ನಡುಕ ನೇರವಾಗಿ ನಾಯಿಯ ಕತ್ತಿಗೆ ಹೋಗುತ್ತಿತ್ತು.

ಆಗ ತೀರ್ಪುಗಾರರು ಇಬ್ಬರಿಗೂ ನಾಯಿಗಳನ್ನು ಅದಲುಬದಲು ಮಾಡಿಕೊಳ್ಳಲು ಹೇಳಿದರು. ಇದು ಈ ವಿಭಾಗದಲ್ಲಿ ಹಿಂದಿನಿಂದಲೂ ಬಂದ ಪರೀಕ್ಷೆ. ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ಎರಡು ಕಾರಣಗಳು ಬೆರೆತಿರುವಾಗ ಒಂದನ್ನು ಬದಲಿಸಿ ನೋಡುವುದು. ಹುಡುಗಿ ಲ್ಯಾಬ್ರಡಾರ್‌ನ ಹಗ್ಗವನ್ನು ಮೊದಲು ಸಡಿಲ ಬಿಟ್ಟಳು, ಅದು ಅವಳ ಮೊಣಕೈಯನ್ನು ಮೂಸಿ ಮುಗಿಸುವವರೆಗೆ ಕಾದಳು, ಆಮೇಲೆ ನಿಲ್ಲಿಸಿದಳು; ಅದು ನಿಂತಿತು. ಹುಡುಗನ ಕೈಗೆ ಹೋದ ಕಾಕರ್ ಒಂದು ಸುತ್ತು ಓಡಿ ಬರುವಷ್ಟರಲ್ಲಿ ಅವನ ಪ್ಯಾಂಟಿನ ಜೇಬಿಗೆ ಮೂತಿ ತೂರಿಸಿತ್ತು. ಅವನು ಅಂದು ಮೊದಲ ಸಲ ನಕ್ಕ, ಹಗ್ಗ ತಾನಾಗಿಯೇ ಸಡಿಲವಾಯಿತು, ಮತ್ತು ಎರಡನೆಯ ಸುತ್ತಿನಲ್ಲಿ ಕಾಕರ್ ಅವನ ಎಡಗಾಲಿನ ಪಕ್ಕದಲ್ಲೇ ಓಡಿತು.